ವಯಸ್ಸಿನ ಗೆರೆ ಮತ್ತು ಮಗುವಿನ ಮಾತು: ಮಕ್ಕಳ ಸ್ಕೂಬಾ ಪದ್ಧತಿಯ ಒಂದು ವಿಮರ್ಶೆ

ಬೆನ್ನಿಗೆ ಕಟ್ಟಿದ ಸಿಲಿಂಡರಿನ ಗಾಳಿಯನ್ನು ಬಾಯಿಂದ ಉಸಿರಾಡುತ್ತ ನೀರಿನಡಿ ಸಂಚರಿಸುವ ವಿದ್ಯೆಯೇ ಸ್ಕೂಬಾ. ಇದಕ್ಕೆ ಮಕ್ಕಳನ್ನು ಯಾವಾಗ ಇಳಿಸಬಹುದೆಂಬ ಪ್ರಶ್ನೆಗೆ ತರಬೇತಿ ಸಂಸ್ಥೆಗಳು ಕೊಡುವ ಉತ್ತರ ಬಹುಮಟ್ಟಿಗೆ ವಯಸ್ಸನ್ನೇ ನೆಚ್ಚಿಕೊಂಡಿದೆ. 1966ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾಗಿ ಇಂದು ಅತ್ಯಂತ ವ್ಯಾಪಕವಾಗಿ ಹರಡಿರುವ ಪಾಡಿ ಸಂಸ್ಥೆಯ ನಿಯಮದಂತೆ 8 ತುಂಬಿದ ಮಗು 2 ಮೀಟರ್ ಮೀರದ ಆಳದಲ್ಲಿ ಗಾಳಿ ಸೇದಿ ನೋಡಬಹುದು. 10 ತುಂಬಿದರೆ ತರಬೇತುದಾರರ ಜೊತೆ 12 ಮೀಟರಿನವರೆಗೆ ಇಳಿಯಬಹುದು, ಪೂರ್ಣ ತರಬೇತಿ ಪಡೆದು ಕಿರಿಯರ ಪ್ರಮಾಣಪತ್ರವನ್ನೂ ಗಳಿಸಬಹುದು. 15 ತುಂಬಿದ ಮೇಲೆ ಅದು ದೊಡ್ಡವರ ಪ್ರಮಾಣಪತ್ರವಾಗಿ ಬದಲಾಗುತ್ತದೆ. 2000ದ ಆಸುಪಾಸಿನವರೆಗೆ ಈ ಪ್ರಮಾಣಪತ್ರಕ್ಕೆ 12 ವರ್ಷ ಆಗಿರಬೇಕಿತ್ತು. ಎರಡು ವರ್ಷ ಕೆಳಗಿಳಿದ ಈ ಗೆರೆಯನ್ನು ದೇಹಶಾಸ್ತ್ರದ ತೀರ್ಪೆಂದು ತಿಳಿಯುವುದು ಸರಿಯಲ್ಲ. ಸಂಸ್ಥೆಯೊಂದು ಯಾರನ್ನು ಸೇರಿಸಿಕೊಳ್ಳಬಹುದು ಎಂಬುದನ್ನಷ್ಟೇ ಅದು ಹೇಳುತ್ತದೆ, ಎದುರಿಗೆ ನಿಂತ ಮಗು ಇಳಿಯಲು ತಯಾರಾಗಿದೆಯೇ ಎಂಬುದನ್ನಲ್ಲ.

ಸ್ಪಷ್ಟವಾದ ಗೆರೆಯಿಂದ ಲಾಭವಿಲ್ಲವೆಂದಲ್ಲ. ಹಟ ಹಿಡಿದ ಪೋಷಕರಿಗೆ 'ಆಗದು' ಎನ್ನಲು ತರಬೇತುದಾರನಿಗೆ ಅದೊಂದು ಆಸರೆ. ಆದರೆ ಅದೇ ಗೆರೆ ಉಳಿದೆಲ್ಲ ಪ್ರಶ್ನೆಗಳನ್ನು ನುಂಗಿಹಾಕುವ ಅಪಾಯವೂ ಇದೆ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವ ಪ್ರವಾಸಗಳಲ್ಲಿಯೂ ಅಂಡಮಾನಿನ ಹ್ಯಾವ್ಲಾಕಿನಲ್ಲಿಯೂ ಹೆಚ್ಚಾಗಿ ನಡೆಯುವುದು 'ಒಮ್ಮೆ ಇಳಿದು ನೋಡುವ' ಮಾದರಿಯ ಸ್ಕೂಬಾ. ಈಜು ಬಾರದವರೂ ಸ್ವಲ್ಪ ಹೊತ್ತಿನ ವಿವರಣೆ ಕೇಳಿ ಇಳಿಯಬಹುದಾದ ಈ ಏರ್ಪಾಟಿನಲ್ಲಿ ಮಗುವಿನ ಹುಟ್ಟಿದ ತಾರೀಖು ಒಪ್ಪಿಗೆಯಾಯಿತೆಂದರೆ ವಿಚಾರಣೆ ಮುಗಿಯಿತೆಂದೇ ಅನೇಕ ಕುಟುಂಬಗಳು ಭಾವಿಸುತ್ತವೆ.

ಈ ಮಾದರಿಯನ್ನು ಸಮರ್ಥಿಸುವವರ ಮುಖ್ಯ ವಾದವೆಂದರೆ, ಇಲ್ಲಿ ಮಗು ಮಾಡಬೇಕಾದದ್ದು ಏನೂ ಇಲ್ಲ, ಎಲ್ಲವನ್ನೂ ತರಬೇತುದಾರನೇ ನೋಡಿಕೊಳ್ಳುತ್ತಾನೆ ಎಂಬುದು. ಇದರಲ್ಲಿ ಅರ್ಧ ಸತ್ಯವಿದೆ. ಸಿಲಿಂಡರಿನ ಬುಡವನ್ನು ಹಿಂದಿನಿಂದ ಹಿಡಿದುಕೊಂಡು, ಮಗು ತೊಟ್ಟ ಜಾಕೆಟ್ಟಿಗೆ ಗಾಳಿ ತುಂಬಿಯೋ ಬಿಟ್ಟೋ ಅದು ಎಷ್ಟು ಆಳದಲ್ಲಿರಬೇಕೆಂಬುದನ್ನೂ, ಎತ್ತ ಸಾಗಬೇಕು, ಗಾಳಿ ಎಷ್ಟು ಉಳಿದಿದೆ ಎಂಬುದನ್ನೂ ಅವನೇ ನಿರ್ವಹಿಸುತ್ತಾನೆ. ಆದರೆ ಎರಡು ಕೆಲಸಗಳನ್ನು ಯಾವ ನಿಪುಣನೂ ಮಗುವಿನ ಪರವಾಗಿ ಮಾಡಲಾರ: ಕಿವಿಯೊಳಗಿನ ಒತ್ತಡವನ್ನು ಸರಿದೂಗಿಸುವುದು ಮತ್ತು ಉಸಿರನ್ನು ಕಟ್ಟದೆ ಇರುವುದು. ಬಹುಪಾಲು ಗಾಯಗಳು ಹುಟ್ಟುವುದೂ ಇವೆರಡರಲ್ಲಿನ ತಪ್ಪಿನಿಂದಲೇ ಆದ್ದರಿಂದ ಸಿದ್ಧತೆಯ ವಿಚಾರ ಇಲ್ಲಿಂದಲೇ ಆರಂಭವಾಗಬೇಕು.

ನೀರಿನ ಒತ್ತಡ 10 ಮೀಟರ್ ಆಳದಲ್ಲಿ ಮೇಲ್ಮೈಯಲ್ಲಿರುವುದರ ಎರಡರಷ್ಟಾಗುತ್ತದೆ. ಕಿವಿತಮಟೆಗೆ ನೋವು ತಿಳಿಯಲು ಒಂದೆರಡು ಮೀಟರೇ ಸಾಕು. ತಮಟೆಯ ಹಿಂದಿನ ಮಧ್ಯಕಿವಿಯನ್ನು ಗಂಟಲಿನ ಮೇಲ್ಭಾಗಕ್ಕೆ ಜೋಡಿಸುವ ಸಣ್ಣ ಕೊಳವೆಗೆ ಯೂಸ್ಟೇಷಿಯನ್ ನಾಳವೆಂದು ಹೆಸರು. ಮೂಗನ್ನು ಹಿಡಿದು ಮೆಲ್ಲಗೆ ಊದಿದಾಗ ಅದು ತೆರೆದುಕೊಂಡು ಒಳಗಿನ ಒತ್ತಡ ಹೊರಗಿನದಕ್ಕೆ ಸಮನಾಗುತ್ತದೆ. ಚಿಕ್ಕ ಮಕ್ಕಳಲ್ಲಿ ಈ ನಾಳ ಗಿಡ್ಡವಾಗಿಯೂ ಬಹುತೇಕ ಅಡ್ಡವಾಗಿಯೂ ಇರುತ್ತದೆ, ಪಕ್ಕದ ಅಡಿನಾಯ್ಡ್ ಗ್ರಂಥಿ ಊದಿಕೊಂಡಿರುವುದೂ ಸಾಮಾನ್ಯ. ಹೀಗಾಗಿ ವರ್ಷಕ್ಕೆ ಹಲವು ಸಲ ನೆಗಡಿ, ಕಿವಿಸೋರಿಕೆಗಳಿಂದ ಬಳಲುವ ಮಗುವಿಗೆ ನಾಳ ಸುಲಭವಾಗಿ ತೆರೆಯದು. ನೋವು ಬಂದ ಮೇಲೂ ಕೆಳಗಿಳಿಯುತ್ತ ಹೋದರೆ ನಾಳ ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆಯೇ ಹೊರತು ಬಿಡಿಸಿಕೊಳ್ಳದು. ಆಗ ಕೊಂಚ ಮೇಲೇರಿ ಮತ್ತೆ ಯತ್ನಿಸುವುದೊಂದೇ ದಾರಿ. ತಮಟೆ ಹರಿದು ತಣ್ಣೀರು ಒಳನುಗ್ಗಿದರೆ ತಲೆಸುತ್ತು ಬಂದು ಮೇಲು ಕೆಳಗೆಂಬ ಅರಿವೇ ತಪ್ಪಬಹುದು.

ಉಸಿರಿನ ಅಪಾಯ ಇದಕ್ಕಿಂತ ಘೋರವಾದದ್ದು. ಒತ್ತಡ ಅರ್ಧವಾದರೆ ಗಾಳಿಯ ಗಾತ್ರ ಇಮ್ಮಡಿಸುತ್ತದೆಂಬ ಬಾಯ್ಲ್ ನಿಯಮದಂತೆ, 10 ಮೀಟರ್ ಆಳದಲ್ಲಿ ಶ್ವಾಸಕೋಶದ ತುಂಬ ಗಾಳಿ ಎಳೆದುಕೊಂಡು ಉಸಿರು ಕಟ್ಟಿ ಮೇಲೇರಿದರೆ ಆ ಗಾಳಿ ಎರಡರಷ್ಟು ಹಿಗ್ಗಲು ಹವಣಿಸುತ್ತದೆ. ಸೂಕ್ಷ್ಮವಾದ ಗಾಳಿಗೂಡುಗಳು ಒಡೆದು, ಗುಳ್ಳೆಗಳು ರಕ್ತನಾಳ ಸೇರಿ ಮಿದುಳಿನವರೆಗೆ ಹೋಗಬಲ್ಲವು. ಗಾತ್ರದ ಏರಿಳಿತ ಅತ್ಯಂತ ತೀವ್ರವಾಗಿರುವುದು ಮೇಲ್ಮೈಗೆ ಹತ್ತಿರದಲ್ಲಿ ಎಂಬುದನ್ನು ಪೋಷಕರು ಮರೆಯಬಾರದು. ಆದ್ದರಿಂದ 'ಈಜುಕೊಳವಷ್ಟೇ, ಎರಡೇ ಮೀಟರ್' ಎಂಬ ಸಮಾಧಾನ ಪೂರ್ತಿ ನಂಬತಕ್ಕದ್ದಲ್ಲ. ಉಬ್ಬಸವಿರುವ ಮಕ್ಕಳ ವಿಷಯದಲ್ಲಿ ಮುಳುಗು ವೈದ್ಯಕೀಯವನ್ನು ಬಲ್ಲ ವೈದ್ಯರ ಒಪ್ಪಿಗೆಯಿಲ್ಲದೆ ಮುಂದುವರಿಯಲೇಬಾರದೆನ್ನುವುದೂ ಇದಕ್ಕಾಗಿಯೇ. ಇನ್ನೊಂದು ತೊಡಕು ಅಭ್ಯಾಸದ್ದು. ನೀರಿಗೆ ಧುಮುಕುವಾಗ ಉಸಿರು ಬಿಗಿಹಿಡಿಯಬೇಕೆಂಬುದನ್ನು ಮಗು ಈಜು ಕಲಿಯುವಾಗಲೇ ಮೈಗೂಡಿಸಿಕೊಂಡಿರುತ್ತದೆ; ಸ್ಕೂಬಾ ಬಯಸುವುದು ಅದಕ್ಕೆ ನೇರ ವಿರುದ್ಧವಾದದ್ದನ್ನು. ಶಾಂತವಾಗಿರುವಾಗ ಹೊಸ ಪಾಠವನ್ನು ಒಪ್ಪಿಸುವ ಮಗು ಮಾಸ್ಕಿಗೆ ಹಠಾತ್ತನೆ ನೀರು ನುಗ್ಗಿದ ಗಳಿಗೆಯಲ್ಲಿಯೂ ಅದನ್ನೇ ಪಾಲಿಸುತ್ತದೆಯೇ ಎಂಬುದು ವಯಸ್ಸಿನ ದಾಖಲೆಯಿಂದ ತಿಳಿಯುವ ಸಂಗತಿಯಲ್ಲ.

ಅದನ್ನು ತಿಳಿಯುವ ದಾರಿ ಸರಳವಾದದ್ದೇ. ಎದೆಮಟ್ಟದ ನೀರಿನಲ್ಲಿ ಮಗು ತಾನೇ ಮಾಸ್ಕಿನ ಅಂಚನ್ನು ಸಡಿಲಿಸಿ ಕಣ್ಣಿನ ಮಟ್ಟದವರೆಗೆ ನೀರು ತುಂಬಿಕೊಂಡು, ಗಾಬರಿಯಾಗದೆ ಬಾಯಿಂದಲೇ ಉಸಿರಾಡುತ್ತಿದ್ದು, ಆಮೇಲೆ ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ, ಮುಖವನ್ನು ತುಸು ಮೇಲೆತ್ತಿ, ಮೂಗಿನಿಂದ ಊದಿ ಆ ನೀರನ್ನು ಹೊರಹಾಕಬೇಕು. ಒಮ್ಮೆ ಮಾಡಿದರೆ ಸಾಲದು. ಬೇಸರವಾದಾಗಲೂ, ಚಳಿಯಾದಾಗಲೂ ಮಾಡಬಲ್ಲದೇ ಎಂದು ನೋಡಬೇಕು. ಸಂಜ್ಞೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ನೆಲದ ಮೇಲೆ ಹೆಬ್ಬೆರಳೆತ್ತಿದರೆ 'ಭೇಷ್' ಎಂದಾದರೆ, ನೀರಿನಡಿ ಅದು 'ಮೇಲೆ ಹೋಗೋಣ' ಎಂಬ ಸೂಚನೆ. ಸರಿಯಿದೆಯೆನ್ನಲು ಹೆಬ್ಬೆರಳು ತೋರುಬೆರಳುಗಳನ್ನು ಉಂಗುರದಂತೆ ಜೋಡಿಸಬೇಕು. ಉತ್ಸಾಹದ ನಡುವೆಯೂ ಇವೆರಡನ್ನು ಅದಲುಬದಲು ಮಾಡದ ಮಗುವಿನ ಗಮನಶಕ್ತಿಯನ್ನು ಒಂದಿಷ್ಟು ನಂಬಬಹುದು.

ಈ ಎಲ್ಲ ಕೌಶಲಗಳಿಗಿಂತ ಹೆಚ್ಚು ನಿರ್ಣಾಯಕವಾದ ಗುಣವೊಂದನ್ನು ಪ್ರಚಲಿತ ಪದ್ಧತಿ ಗಮನಿಸುವುದೇ ಇಲ್ಲ: ತನಗಾಗುತ್ತಿರುವ ನೋವನ್ನೂ ಭಯವನ್ನೂ ದೊಡ್ಡವರಿಗೆ ಬಾಯಿಬಿಟ್ಟು ಹೇಳುವ ಧೈರ್ಯ. ನಮ್ಮ ಮನೆಗಳಲ್ಲಿ ಹೇಳಿದ ಮಾತು ಕೇಳುವ ಮಗುವೇ ಜಾಣ ಮಗು; ತರಬೇತುದಾರರಿಗೂ ಅಂಥ ಮಗುವೇ ಇಷ್ಟವಾಗುತ್ತದೆ. ಆದರೆ ಅಪ್ಪ ಹಣ ಕಟ್ಟಿದ್ದಾನೆ, ಅಕ್ಕ ಆಗಲೇ ಇಳಿದುಬಂದಿದ್ದಾಳೆ, ಕ್ಯಾಮೆರಾ ಹಿಡಿದವರು ಕಾದಿದ್ದಾರೆ ಎಂದು ಕಿವಿನೋವನ್ನು ನುಂಗಿಕೊಂಡು ಉಂಗುರದ ಸಂಜ್ಞೆ ತೋರಿಸುವ ವಿಧೇಯ ಮಗು, ದಡದಲ್ಲೇ ಕಾಲೂರಿ ಅಳುವ ಮಗುವಿಗಿಂತ ಹೆಚ್ಚು ಅಪಾಯದಲ್ಲಿರುತ್ತದೆ. ಏಕೆಂದರೆ ಅದರ ಕಿವಿಯ ಸ್ಥಿತಿ ತಿಳಿಯಲು ತರಬೇತುದಾರನಿಗೆ ಅದರ ಕೈಸನ್ನೆಯ ಹೊರತು ಬೇರೆ ಆಧಾರವೇ ಇಲ್ಲ. ಆಸೆ ಯಾರದೆಂಬ ಪ್ರಶ್ನೆಗೂ ಇದಕ್ಕೂ ನೇರ ಸಂಬಂಧವಿದೆ. ತಾನಾಗಿ ಮೀನು ನೋಡಬೇಕೆಂದು ಹಂಬಲಿಸಿ ಬಂದ ಮಗು ಕಿವಿ ನೊಂದರೆ 'ನಾಳೆ ನೋಡೋಣ' ಎನ್ನಬಲ್ಲದು. ಪೋಷಕರ ಆಸೆಯನ್ನು ಪೂರೈಸಲು ಬಂದ ಮಗುವಿಗೆ ಆ ಬಿಡುವು ಇರುವುದಿಲ್ಲ.

ಸಲಕರಣೆಯ ತೊಡಕುಗಳು ಕಣ್ಣಿಗೆ ಕಾಣುವಂಥವಾದ್ದರಿಂದ ಬೇಗ ಪರಿಹಾರವಾಗುತ್ತವೆ. ಖಾಲಿಯಾಗಿದ್ದರೂ 14 ಕಿಲೋಗ್ರಾಂ ಆಸುಪಾಸು ತೂಗುವ ದೊಡ್ಡವರ ಸಿಲಿಂಡರಿನ ಬದಲು ಚಿಕ್ಕದನ್ನು ಕೊಡಬಹುದು. ಹಲ್ಲು ಬಿದ್ದು ಹುಟ್ಟುವ ವಯಸ್ಸಿನಲ್ಲಿ ಕಚ್ಚಿಹಿಡಿಯಲು ಸಣ್ಣ ಬಾಯಿತುಂಡೂ ಸಿಗುತ್ತದೆ. ತೂಕಕ್ಕೆ ಹೋಲಿಸಿದರೆ ಮೈಯ ಹೊರಮೈ ಹೆಚ್ಚಿರುವುದರಿಂದ ಮಕ್ಕಳ ದೇಹ ಬೇಗ ತಣ್ಣಗಾಗುತ್ತದೆ, ತುಟಿ ನಡುಗುವ ಮೊದಲೇ ಮೇಲೆ ತರಬೇಕು. ಆಳ ಮತ್ತು ಸಮಯದ ಮಿತಿಯನ್ನು ನಿಗದಿಪಡಿಸುವ ಕೋಷ್ಟಕಗಳು ಮೂಲತಃ ನೌಕಾಪಡೆಯ ದೃಢಕಾಯ ಯುವಕರನ್ನು ಆಧರಿಸಿ ಬೆಳೆದವು. ಬೆಳೆಯುವ ಮಕ್ಕಳನ್ನು ಅವುಗಳ ಅಂಚಿನವರೆಗೆ ಒಯ್ಯುವುದಕ್ಕೆ ಸಮರ್ಥನೆಯಿಲ್ಲ.

ಪ್ರಮಾಣಪತ್ರದ ವಿಷಯದಲ್ಲಿ ಇನ್ನೂ ಬಿಗಿಯಾದ ನಿಲುವು ಅಗತ್ಯ. ಸ್ಕೂಬಾದಲ್ಲಿ ಇಬ್ಬರು ಜೋಡಿಯಾಗಿ ಇಳಿದು ಒಬ್ಬರಿಗೊಬ್ಬರು ಆಸರೆಯಾಗುವುದು ಮೂಲ ನಿಯಮ. 10 ಅಥವಾ 11ರ ಮಗು ತಂದೆಯ ಜೊತೆಗಾರನೆಂದು 12 ಮೀಟರಿಗೆ ಇಳಿದಾಗ ತಂದೆಗೆ ಎದೆನೋವು ಬಂದರೆ ಅವನನ್ನು ಮೇಲೆ ತರಬೇಕಾದದ್ದು ಆ ಮಗುವೇ. ಸ್ವಿಸ್ ಮನೋವಿಜ್ಞಾನಿ ಪಿಯಾಜೆ ಗುರುತಿಸಿದಂತೆ, ಇನ್ನೂ ಘಟಿಸದ್ದನ್ನು ಊಹಿಸಿ ಅದರ ಮೇಲೆ ತರ್ಕಿಸುವ ಸಾಮರ್ಥ್ಯ 11-12ರ ನಂತರವಷ್ಟೇ ಬಲಿಯುತ್ತದೆ. ಹಾಗಾಗಿ ಹಳೆಯ 12ರ ಗೆರೆಯೇ ಪ್ರಮಾಣಪತ್ರಕ್ಕೆ ಹೆಚ್ಚು ಸಮಂಜಸವಾಗಿತ್ತು. ಅಲ್ಲಿಯವರೆಗೆ ಮಗುವಿನ ಜೊತೆ ಪೋಷಕರಷ್ಟೇ ಅಲ್ಲದೆ ತರಬೇತುದಾರನೊಬ್ಬನೂ ಇಳಿಯುವಂತಾಗಬೇಕು. ಒಮ್ಮೆ ಇಳಿದು ನೋಡುವ ಏರ್ಪಾಟಿನಲ್ಲಿಯಾದರೋ, ದೋಣಿ ಹತ್ತುವ ಮುನ್ನ ತರಬೇತುದಾರ ಮಗುವನ್ನು ಪೋಷಕರಿಂದ ತುಸು ದೂರ ಕರೆದು 'ನಿನಗೆ ಇಷ್ಟವಿದೆಯೇ?' ಎಂದು ಕೇಳುವ, ದೋಣಿಯ ಅಂಚಿನಲ್ಲಿ ಮನಸ್ಸು ಬದಲಿಸಿದ ಮಗುವಿನ ಶುಲ್ಕವನ್ನು ಮರುಮಾತಿಲ್ಲದೆ ಹಿಂತಿರುಗಿಸುವ ನಿಯಮಗಳು ಎಲ್ಲ ಕೇಂದ್ರಗಳಲ್ಲಿಯೂ ಜಾರಿಗೆ ಬರಬೇಕು.