ಭೋಜನಪಟ್ಟಿಯ ಸಾಕ್ಷ್ಯ: ಪ್ರಯೋಗ ಮತ್ತು ಅರ್ಥ

ಫ್ರಾಂಕ್ ಬಟಾಲ್ಫ್ ಅವರು 1900ರಿಂದ ಸಂಗ್ರಹಿಸಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯಕ್ಕೆ ಒಪ್ಪಿಸಿದ ಹೋಟೆಲ್ ಭೋಜನಪಟ್ಟಿಗಳು ಪದಚರಿತ್ರೆಗೆ ಅಮೂಲ್ಯ ಆಕರಗಳು. ಆದರೆ ಅವು ಖಚಿತಪಡಿಸುವುದು ಪದದ ಪ್ರಯೋಗವನ್ನೇ ಹೊರತು ಅರ್ಥವನ್ನಲ್ಲ. 'ವಾಲ್ಡಾರ್ಫ್ ಸಲಾಡ್' ಇದಕ್ಕೆ ನಿದರ್ಶನ. ವಾಲ್ಡಾರ್ಫ್ ಹೋಟೆಲಿನ ಆಸ್ಕರ್ ಚಿರ್ಕಿಯವರ 1896ರ ಪಾಕಗ್ರಂಥದಲ್ಲಿ ಅದು ಸೇಬು, ಸೆಲರಿ, ಮೇಯನೇಸ್‌ಗಳ ಮಿಶ್ರಣ ಮಾತ್ರ. ಇಂದು ಅದರ ಲಕ್ಷಣವೆನಿಸಿರುವ ಅಕ್ರೋಟು ಅಲ್ಲಿಲ್ಲ. ಹೆಸರು ಉಳಿದಿದೆ, ಹೆಸರಿಸಲ್ಪಟ್ಟ ವಸ್ತು ಬದಲಾಗಿದೆ. ಹೀಗಿರುವಾಗ ಇಂದಿನ ನಿಘಂಟಿನ ಅರ್ಥವನ್ನು ಹಳೆಯ ಪಟ್ಟಿಯ ಮೇಲೆ ಆರೋಪಿಸಿದರೆ ಕಾಲದೋಷ ತಪ್ಪದು; ಆ ದೋಷ ಮರಳಿ ನಿಘಂಟನ್ನೇ ಸೇರುವ ಅಪಾಯವೂ ಇದೆ. ಸಮಕಾಲೀನ ಪಾಕಗ್ರಂಥದೊಡನೆ ಹೋಲಿಸಿದ ಬಳಿಕವೇ ಭೋಜನಪಟ್ಟಿಯ ನಮೂದನ್ನು ಅರ್ಥಚರಿತ್ರೆಯ ಆಧಾರವಾಗಿ ಸ್ವೀಕರಿಸಬೇಕೆಂಬುದು ನಮ್ಮ ವಾದ. ಪ್ರಯೋಗದ ಪ್ರಾಚೀನತೆಯಿಂದ ಅರ್ಥದ ಪ್ರಾಚೀನತೆ ಸಿದ್ಧವಾಗುವುದಿಲ್ಲ.