ಹದ ಮತ್ತು ಅಳತೆ: ಹ್ಯಾಂಬರ್ಗರಿನ ಒಂದು ವಿಮರ್ಶೆ

ಅಡಿಗೆಯನ್ನು ಕುರಿತು ವಿಮರ್ಶೆ ಬರೆಯುವುದು ಪಂಡಿತರ ಪಂಕ್ತಿಯಲ್ಲಿ ಮರ್ಯಾದೆಯುಳ್ಳ ಕೆಲಸವೆನಿಸಿಕೊಂಡಿಲ್ಲ. ಕಾವ್ಯಕ್ಕೆ ಮೀಮಾಂಸೆಯುಂಟು, ಸಂಗೀತಕ್ಕೆ ಶಾಸ್ತ್ರವುಂಟು. ತಿಂಡಿಯ ಪಾಲಿಗೆ ಬಂದದ್ದು ಹೊಗಳಿಕೆ, ಇಲ್ಲವೆ ತೆಗಳಿಕೆ. ಆದರೆ ನಮ್ಮ ಕಾವ್ಯಮೀಮಾಂಸೆಯ ತಾಯಿಬೇರಾದ 'ರಸ'ವೆಂಬ ಮಾತೇ ನಾಲಗೆಯಿಂದ ಇಳಿದು ಬಂದದ್ದೆಂಬುದನ್ನು ಮರೆಯಬಾರದು. ಭರತಮುನಿಯು ನಾಟ್ಯದ ರಸವನ್ನು ವಿವರಿಸಹೊರಟಾಗ, ಬಗೆಬಗೆಯ ವ್ಯಂಜನಗಳಿಂದ ಕೂಡಿದ ಅನ್ನವನ್ನುಂಡು ಸುಖಿಸುವವನ ದೃಷ್ಟಾಂತವನ್ನೇ ಕೊಟ್ಟನು. ಅಡಿಗೆಮನೆಯಿಂದ ಕಡ ತಂದ ಮಾತನ್ನು ಒಮ್ಮೆ ಅಡಿಗೆಮನೆಗೇ ಹಿಂದಿರುಗಿಸಿ ನೋಡಿದರೆ ತಪ್ಪೇನೂ ಇಲ್ಲ.

ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಅಮೆರಿಕದ ಬೀದಿಬದಿಯ ತಿಂಡಿಯಾದ ಹ್ಯಾಂಬರ್ಗರನ್ನು. ಅದರಲ್ಲಿಯೂ ಹಳೆಯ ಕಾಲದ, ಕಾಗದದಲ್ಲಿ ಕಟ್ಟಿಸಿಕೊಂಡು ಹೋಗುವ, ಕೂಲಿಗಾರನ ಜೇಬಿಗೆ ಎಟುಕುತ್ತಿದ್ದ ಹ್ಯಾಂಬರ್ಗರನ್ನು. ದನದ ಮಾಂಸದ ಕೈಮ, ಒಂದು ಬನ್, ಒಂದಿಷ್ಟು ಈರುಳ್ಳಿ: ವಸ್ತು ಇಷ್ಟೇ. ಮಾಂಸ ಮುಟ್ಟದ ಓದುಗರು ಇದರ ರುಚಿಯನ್ನು ಒಪ್ಪಬೇಕಾಗಿಲ್ಲ. ರಚನೆಯನ್ನು ನೋಡಿದರೆ ಸಾಕು. ಇಷ್ಟು ಅಲ್ಪ ವಸ್ತುವಿನಿಂದ ಪರಿಪೂರ್ಣವಾದುದೊಂದು ಹೇಗೆ ಆಗುತ್ತದೆ, ಆದದ್ದು ಮತ್ತೆ ಹೇಗೆ ಕೈತಪ್ಪುತ್ತದೆ ಎಂಬ ಪ್ರಶ್ನೆ ಯಾವ ಕಲೆಗಾದರೂ ಸಲ್ಲುವಂಥದು.

ಹೆಸರು ಜರ್ಮನಿಯ ಹ್ಯಾಂಬರ್ಗ್ ಬಂದರಿನದು. ತಿಂಡಿ ಮಾತ್ರ ಅಮೆರಿಕದ್ದು. ಹೋಮರನು ಹುಟ್ಟಿದ್ದು ತಮ್ಮಲ್ಲಿಯೇ ಎಂದು ಏಳು ಊರುಗಳು ಜಗಳವಾಡಿದುವಂತೆ. ಹ್ಯಾಂಬರ್ಗರಿಗಾಗಿಯೂ ಅಂಥದೇ ಜಗಳ ನಡೆದಿದೆ. ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್, ವಿಸ್ಕಾನ್ಸಿನ್ನಿನ ಸೀಮೋರ್, ಟೆಕ್ಸಾಸಿನ ಅಥೆನ್ಸ್ ಇವೆಲ್ಲ ಹಕ್ಕುದಾರರೇ. ಈ ವ್ಯಾಜ್ಯದಲ್ಲಿ ತೀರ್ಪು ಕೊಡುವ ಗೊಡವೆ ನಮಗೆ ಬೇಡ. ಮೊದಲು ಮಾಡಿದವನು ಯಾರೆಂಬುದಕ್ಕಿಂತ, ರೂಪ ನಿಂತದ್ದು ಎಲ್ಲಿ ಎಂಬುದು ವಿಮರ್ಶಕನಿಗೆ ಮುಖ್ಯ. ರೂಪ ನಿಂತದ್ದು ಕ್ಯಾನ್ಸಸ್ ರಾಜ್ಯದ ವಿಚಿಟಾ ನಗರದಲ್ಲಿ. ವಾಲ್ಟರ್ ಆಂಡರ್ಸನ್ ಎಂಬ ಅಡಿಗೆಯವನು 1916ರಲ್ಲಿ ಅಲ್ಲೊಂದು ಸಣ್ಣ ಅಂಗಡಿಯನ್ನು ತೆರೆದನು. ಕೈಮದ ಉಂಡೆಯನ್ನು ಕಾದ ಕಾವಲಿಯ ಮೇಲಿಟ್ಟು, ಈರುಳ್ಳಿಯೊಡನೆ ಒತ್ತಿ ತೆಳ್ಳಗೆ ಮಾಡಿ, ಬನ್ನಿನಲ್ಲಿಟ್ಟು ಐದು ಸೆಂಟಿಗೆ ಕೊಡುವುದು ಅವನ ಪದ್ಧತಿ. 1921ರಲ್ಲಿ ಬಿಲ್ಲಿ ಇಂಗ್ರಾಮ್ ಎಂಬ ವ್ಯಾಪಾರಿ ಅವನೊಡನೆ ಸೇರಿದನು. 'ವೈಟ್ ಕ್ಯಾಸಲ್' ಎಂಬ ಸಂಸ್ಥೆ ಹುಟ್ಟಿತು.

ಬಿಳಿಯ ಕೋಟೆ ಎಂಬ ಹೆಸರಿಗೆ ಕಾರಣವಿತ್ತು. 1906ರಲ್ಲಿ ಅಪ್ಟನ್ ಸಿಂಕ್ಲೇರನ 'ದಿ ಜಂಗಲ್' ಕಾದಂಬರಿ ಹೊರಬಂದಿತ್ತು. ಷಿಕಾಗೊ ಕಸಾಯಿಖಾನೆಗಳ ಕೂಲಿಗಾರರ ಗೋಳನ್ನು ಲೋಕಕ್ಕೆ ತಿಳಿಸಬೇಕೆಂಬುದು ಲೇಖಕನ ಉದ್ದೇಶ. ಓದಿದವರು ಮರುಗಿದ್ದು ಕೂಲಿಗಾರರಿಗಾಗಿ ಅಲ್ಲ, ತಮ್ಮ ತಟ್ಟೆಯ ಮಾಂಸಕ್ಕಾಗಿ. ಹೃದಯಕ್ಕೆ ಹೂಡಿದ ಬಾಣ ಹೊಟ್ಟೆಗೆ ತಗುಲಿತೆಂದು ಸಿಂಕ್ಲೇರನೇ ಹಲುಬಿದನು. ಅದೇ ವರ್ಷ ಮಾಂಸದ ತಪಾಸಣೆಗೂ ಆಹಾರದ ಶುದ್ಧಿಗೂ ಕಾನೂನುಗಳಾದುವು. ಆದರೂ ಕೈಮದ ಮೇಲಿನ ಗುಮಾನಿ ಹೋಗಲಿಲ್ಲ; ಅರೆದ ಮಾಂಸದಲ್ಲಿ ಏನು ಸೇರಿದೆಯೆಂದು ಯಾರು ಬಲ್ಲರು? ಆ ಗುಮಾನಿಗೆ ಉತ್ತರವಾಗಿಯೇ ಅಂಗಡಿಯ ಗೋಡೆ ಬಿಳಿ, ಆಳಿನ ಉಡುಪು ಬಿಳಿ, ಕಾವಲಿ ಗಿರಾಕಿಯ ಕಣ್ಣೆದುರಿಗೆ. ಪರಿಪೂರ್ಣ ಹ್ಯಾಂಬರ್ಗರಿನ ಮೊದಲನೆಯ ಗುಣವನ್ನು ಇಲ್ಲಿಯೇ ಗುರುತಿಸಬಹುದು. ಅದು ಕಣ್ಣೆದುರಿಗೆ ಆಗಬೇಕು. ಮಾಡುವವನೂ ತಿನ್ನುವವನೂ ಒಬ್ಬರನ್ನೊಬ್ಬರು ನೋಡುವಂತಿರಬೇಕು.

ಎರಡನೆಯ ಗುಣ ಕಾವಿನದು. ಕಾವಲಿ ದಪ್ಪ ಕಬ್ಬಿಣದ್ದಾಗಿರಬೇಕು, ತಣ್ಣನೆಯ ಮಾಂಸ ಬಿದ್ದರೂ ಕಾವು ಇಳಿಯಬಾರದು. ನೀರಿನ ಪಸೆಯಿರುವವರೆಗೆ ಮಾಂಸದ ಮೈ ನೂರು ಡಿಗ್ರಿಯನ್ನು ದಾಟುವುದಿಲ್ಲ. ಅದು ಬೇಯುತ್ತದೆಯೇ ಹೊರತು ಕಂದುವುದಿಲ್ಲ. ಪಸೆ ಆರಿ, ಮೈ ಸುಮಾರು ನೂರನಲವತ್ತು ಡಿಗ್ರಿಗೆ ಏರಿದಾಗ ಕಂದು ಬಣ್ಣದ ಗರಿಯೂ ಹುರಿದ ಪರಿಮಳವೂ ಹುಟ್ಟುತ್ತವೆ. 1912ರಲ್ಲಿ ಫ್ರಾನ್ಸಿನ ಮೈಯಾರ್ ಎಂಬ ವಿಜ್ಞಾನಿ ಈ ಕ್ರಿಯೆಯನ್ನು ವರ್ಣಿಸಿದನು. ವಿಚಿಟಾದ ಅಡಿಗೆಯವನಿಗೆ ಮೈಯಾರನ ಹೆಸರು ತಿಳಿದಿರಬೇಕಾಗಿರಲಿಲ್ಲ. ಚುರ್ರೆನ್ನುವ ಸದ್ದು ತಿಳಿದಿದ್ದರೆ ಸಾಕಾಗಿತ್ತು. ಉಂಡೆ ಕಾವಲಿಗೆ ಬಿದ್ದ ಕೂಡಲೆ ಒಮ್ಮೆ ಬಲವಾಗಿ ಒತ್ತಬೇಕು. ಆಗ ಕೊಬ್ಬು ಇನ್ನೂ ಕರಗಿರುವುದಿಲ್ಲ. ಮಾಂಸದ ಮೈಯೆಲ್ಲ ಕಬ್ಬಿಣವನ್ನು ಅಪ್ಪುತ್ತದೆ. ಅರ್ಧ ಬೆಂದ ಮೇಲೆ ಒತ್ತುವುದು ಅವಿವೇಕ. ಕರಗಿದ ಕೊಬ್ಬೂ ರಸವೂ ಹರಿದು ಕಾವಲಿಯ ಪಾಲಾಗುತ್ತವೆ. ಒತ್ತುವ ಕೈಯೊಂದೇ, ಒತ್ತೂ ಒಂದೇ. ಒಂದು ಗಳಿಗೆ ಮುಂಚೆ ಅದು ಕಲೆ, ಒಂದು ಗಳಿಗೆ ತಡೆದರೆ ಕೊಲೆ.

ಮಾಂಸದಲ್ಲಿ ಐದರಲ್ಲೊಂದು ಪಾಲು ಕೊಬ್ಬಿರಬೇಕೆಂಬುದು ಬಲ್ಲವರ ಮಾತು. ಉಪ್ಪನ್ನು ಮೊದಲೇ ಕಲಸಿ ನಾದಬಾರದು. ನಾದಿದರೆ ಮಾಂಸದ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಬಿಲ್ಲೆ ರಬ್ಬರಿನಂತಾಗುತ್ತದೆ. ಕಾವಲಿಯ ಮೇಲಿಟ್ಟಾಗ ಮೇಲಿಂದ ಉದುರಿಸಬೇಕು. ತೆಳುವೆಂಬುದೂ ಜಿಪುಣತನವಲ್ಲ. ದಪ್ಪ ಬಿಲ್ಲೆಯಲ್ಲಿ ಒಳಗು ಹಸಿಯಾಗಿ ಉಳಿಯುತ್ತದೆ, ಇಲ್ಲವೆ ಒಳಗು ಬೇಯುವಷ್ಟರಲ್ಲಿ ಹೊರಗು ಸೀಯುತ್ತದೆ. ತೆಳುವಾದ ಬಿಲ್ಲೆ ಪೂರ್ತಿ ಬೇಯುತ್ತದೆ, ಗರಿಗರಿಯೂ ಆಗುತ್ತದೆ. ಕೊಬ್ಬು ಅದನ್ನು ಒಣಗಗೊಡುವುದಿಲ್ಲ.

ಬಡತನವು ಕಲೆಗೆ ಗುರುವಾಗುವುದುಂಟು ಎನ್ನುವುದಕ್ಕೆ ಓಕ್ಲಹೋಮ ರಾಜ್ಯದ ಎಲ್ ರೀನೋ ಊರು ಸಾಕ್ಷಿ. ಅದು ರೈಲ್ವೆಯವರ ಊರು. 1922ರಲ್ಲಿ ಅಮೆರಿಕದ ರೈಲ್ವೆ ಕಾರ್ಖಾನೆಗಳ ಕೆಲಸಗಾರರು ದೊಡ್ಡ ಮುಷ್ಕರ ಹೂಡಿದ್ದರು. ಅದರ ಬೆನ್ನಿಗೆ ಬಂದ ಕಷ್ಟದ ದಿನಗಳಲ್ಲಿ ಈ ಊರಿನ ಈರುಳ್ಳಿ ಹ್ಯಾಂಬರ್ಗರ್ ಹುಟ್ಟಿತೆಂದು ಅಲ್ಲಿಯವರು ಹೇಳುತ್ತಾರೆ. ಮಾಂಸ ತುಟ್ಟಿ, ಈರುಳ್ಳಿ ಅಗ್ಗ. ಆದ್ದರಿಂದ ಎಳೆಎಳೆಯಾಗಿ ಹೆಚ್ಚಿದ ಹಿಡಿ ಈರುಳ್ಳಿಯನ್ನು ಸ್ವಲ್ಪ ಕೈಮದೊಳಕ್ಕೆ ಒತ್ತಿಬಿಟ್ಟರು. ಹೊಟ್ಟೆ ತುಂಬಿಸಲು ಹೂಡಿದ ಉಪಾಯವೇ ರುಚಿಯ ಗುಟ್ಟಾಯಿತು. ಈರುಳ್ಳಿಯ ನೀರು ಮಾಂಸವನ್ನು ಮಿದುವಾಗಿಡುತ್ತದೆ. ಅದರ ಸಿಹಿ ಕಾವಲಿಯ ಮೇಲೆ ಕಂದಿ ಮಾಂಸದ ಕೊಬ್ಬಿನೊಡನೆ ಒಂದಾಗುತ್ತದೆ. ಮಾಂಸ ಅಗ್ಗವಾದ ಮೇಲೂ ಆ ಊರಿನವರು ಈರುಳ್ಳಿಯನ್ನು ಬಿಡಲಿಲ್ಲ. ಛಂದಸ್ಸಿನ ಕಟ್ಟು ಕವಿಗೆ ಮೊದಲು ತೊಡರಾಗಿ, ಬಳಿಕ ನಡೆಯಾಗುವುದಿಲ್ಲವೇ? ಇದೂ ಹಾಗೆಯೇ.

ಇನ್ನು ಔಚಿತ್ಯದ ಮಾತು. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವವೆಂದು ಸಾರಿದನು. ಹ್ಯಾಂಬರ್ಗರಿನಲ್ಲಿ ಒಂದೊಂದು ಅಂಗಕ್ಕೂ ಒಂದೊಂದು ಕರ್ತವ್ಯವಿದೆ. ಬನ್ ಮಿದುವಾಗಿರಬೇಕು, ತುಸು ಸಿಹಿಯಾಗಿರಬೇಕು, ತನ್ನ ರುಚಿಯನ್ನು ಮುಂದೆ ಮಾಡಬಾರದು. ರಸವನ್ನು ಹೀರಿಯೂ ಹರಿಯದಿರಬೇಕು. ಅರೆದ ಸಾಸಿವೆಯ ಘಾಟು ಕೊಬ್ಬನ್ನು ಕತ್ತರಿಸುತ್ತದೆ. ಸೌತೆಯ ಉಪ್ಪಿನಕಾಯಿಯ ಎರಡು ಬಿಲ್ಲೆಗಳು ಹುಳಿಯನ್ನೂ ಕರುಕುರು ಸದ್ದನ್ನೂ ಕೊಡುತ್ತವೆ. ಇದರ ಮೇಲೆ ಏನನ್ನು ಸೇರಿಸುವುದಾದರೂ, ಇದು ಮಾಡದ ಯಾವ ಕೆಲಸವನ್ನು ನೀನು ಮಾಡುತ್ತೀ ಎಂದು ಆ ಪದಾರ್ಥವನ್ನು ಕೇಳಬೇಕು. ಈಗಿನ ದೊಡ್ಡ ಹೋಟೆಲುಗಳಲ್ಲಿ ಗೇಣುದ್ದ ಎದ್ದು ನಿಂತು, ಬೀಳದಿರಲೆಂದು ನೆತ್ತಿಗೆ ಕಡ್ಡಿ ಚುಚ್ಚಿಸಿಕೊಂಡು, ಚೂರಿ ಫೋರ್ಕುಗಳ ನೆರವು ಬೇಡುವ ಹ್ಯಾಂಬರ್ಗರುಗಳು ಈ ಪ್ರಶ್ನೆಗೆ ಉತ್ತರಿಸಲಾರವು. ಅವು ಅಲಂಕಾರಗಳ ಭಾರದಿಂದ ಅರ್ಥ ಕುಸಿದ ಚಂಪುವಿನಂತೆ. ಬಾಯಿಗಿಂತ ದೊಡ್ಡದಾದ ತುತ್ತನ್ನು ಕಟ್ಟಿದವನು ತಿನ್ನುವವನನ್ನು ಮರೆತಿದ್ದಾನೆ.

ಕಟ್ಟಿಸಿಕೊಂಡು ಹೋಗುವ ತಿಂಡಿಗೆ ಕೊನೆಯ ಅಡಿಗೆಯವನೆಂದರೆ ಕಾಗದವೇ. ಇದನ್ನು ಎಲ್ಲರೂ ಮರೆಯುತ್ತಾರೆ. ಬಿಸಿಬಿಸಿಯಾದ ಬಿಲ್ಲೆಯನ್ನು ಬನ್ನಿನಲ್ಲಿಟ್ಟು ಬಿಗಿಯಾಗಿ ಸುತ್ತಿದಾಗ ಅದರ ಆವಿ ಹೊರಹೋಗಲಾರದೆ ಬನ್ನಿಗೆ ಇಳಿಯುತ್ತದೆ. ಬನ್ ಇನ್ನಷ್ಟು ಮಿದುವಾಗುತ್ತದೆ. ಸಾಸಿವೆ, ಈರುಳ್ಳಿ, ಮಾಂಸ ಇವುಗಳ ನಡುವಿನ ಗೆರೆಗಳು ಅಳಿಸಿ ಒಂದೇ ರುಚಿಯಾಗುತ್ತದೆ. ಅಂಗಡಿಯಿಂದ ಬೀದಿಯ ತಿರುವಿನವರೆಗೆ ನಡೆಯುವಷ್ಟು ಹೊತ್ತು ಇದಕ್ಕೆ ಸಾಕು. ಅದಕ್ಕೆ ಮೀರಿದರೆ ಅದೇ ಆವಿ ಶತ್ರು. ಬನ್ ಹಿಟ್ಟಾಗುತ್ತದೆ, ಗರಿ ಮೆತ್ತಗಾಗುತ್ತದೆ. ಆದ್ದರಿಂದ ಒಳ್ಳೆಯ ಪೊಟ್ಟಣವೆಂದರೆ ಸ್ಥಳವನ್ನು ದಾಟುವ ಸಾಧನ ಮಾತ್ರವಲ್ಲ, ಕಾಲವನ್ನು ಎಣಿಸುವ ಸಾಧನವೂ ಹೌದು. ವೈಟ್ ಕ್ಯಾಸಲಿನವರು ಚೀಲಗಟ್ಟಲೆ ಕೊಳ್ಳಿರೆಂದು ಜಾಹೀರಾತು ಮಾಡಿದರು. ಅವರ ಹ್ಯಾಂಬರ್ಗರ್ ಎರಡು ಮೂರು ತುತ್ತಿನದಾದ್ದರಿಂದ ಅದು ಒಪ್ಪುವ ಮಾತೇ ಆಗಿತ್ತು.

ಒತ್ತುವ ಗಳಿಗೆ, ಕಂದುವ ಬಣ್ಣ, ಈರುಳ್ಳಿಯ ಪ್ರಮಾಣ, ಸುತ್ತುವ ಬಿಗಿ, ಇವೆಲ್ಲಕ್ಕೂ ಕನ್ನಡದಲ್ಲಿ ಒಂದೇ ಒಂದು ಮಾತುಂಟು: ಹದ. ಹದವೆನ್ನುವುದು ಅಳತೆಯಲ್ಲ. ಅಳತೆಯನ್ನು ಬರೆದು ಕೊಡಬಹುದು. ಹದವನ್ನು ಕೈಯಿಂದ ಕೈಗೆ ಕಲಿಯಬೇಕು. ಹ್ಯಾಂಬರ್ಗರಿನ ಚರಿತ್ರೆಯಲ್ಲಿ ಹದವು ಅಳತೆಗೆ ಸೋತ ವರ್ಷವನ್ನೂ ನಾವು ಗುರುತಿಸಬಹುದು. 1948ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಬರ್ನಾರ್ಡಿನೋದಲ್ಲಿ ರಿಚರ್ಡ್ ಮತ್ತು ಮಾರಿಸ್ ಮ್ಯಾಕ್‌ಡೊನಾಲ್ಡ್ ಸೋದರರು ಚೆನ್ನಾಗಿ ನಡೆಯುತ್ತಿದ್ದ ತಮ್ಮ ಹೋಟೆಲನ್ನು ಕೆಲಕಾಲ ಮುಚ್ಚಿ, ಹೊಸ ಪದ್ಧತಿಯೊಂದಿಗೆ ಮತ್ತೆ ತೆರೆದರು. ಕೆಲವು ವರ್ಷಗಳ ಬಳಿಕ ಟೆನ್ನಿಸ್ ಅಂಕಣದ ಮೇಲೆ ಸೀಮೆಸುಣ್ಣದಿಂದ ಅಡಿಗೆಮನೆಯ ನಕ್ಷೆ ಬರೆದು, ಆಳುಗಳನ್ನು ಅದರೊಳಗೆ ನಡೆದಾಡಿಸಿ, ಯಾವ ಹೆಜ್ಜೆ ಎಲ್ಲಿ ವ್ಯರ್ಥವಾಗುತ್ತದೆಂದು ಲೆಕ್ಕವನ್ನೂ ಹಾಕಿದರು. ಪೌಂಡು ಮಾಂಸಕ್ಕೆ ಹತ್ತು ಬಿಲ್ಲೆ. ಎಲ್ಲಕ್ಕೂ ಒಂದೇ ಮೇಲೋಗರ. ಬೆಲೆ 15 ಸೆಂಟ್. ಒಬ್ಬನು ಬೇಯಿಸುವವನು, ಇನ್ನೊಬ್ಬನು ಸಾಸಿವೆ ಕೆಚಪ್ ಹಚ್ಚುವವನು, ಮತ್ತೊಬ್ಬನು ಸುತ್ತುವವನು. 1955ರಲ್ಲಿ ರೇ ಕ್ರಾಕ್ ಈ ಪದ್ಧತಿಯನ್ನು ಹಿಡಿದು ಇಲಿನಾಯ್ ರಾಜ್ಯದಲ್ಲಿ ತನ್ನ ಮೊದಲ ಅಂಗಡಿ ತೆರೆದನು. 1961ರಲ್ಲಿ 27 ಲಕ್ಷ ಡಾಲರಿಗೆ ಸೋದರರ ಹಕ್ಕನ್ನೆಲ್ಲ ಕೊಂಡುಬಿಟ್ಟನು.

ಈ ಪದ್ಧತಿಯಲ್ಲಿ ಕಳೆದುಹೋದದ್ದು ರುಚಿಯೊಂದೇ ಅಲ್ಲ, ಒಂದು ಕಸುಬು. ಕಾವಲಿಯ ಮುಂದೆ ನಿಂತು ಹತ್ತು ಗಿರಾಕಿಗಳ ಹತ್ತು ಬೇಡಿಕೆಗಳನ್ನು ತಲೆಯಲ್ಲಿಟ್ಟುಕೊಂಡು ಸದ್ದಿನಿಂದಲೇ ಬೇಯುವಿಕೆಯನ್ನು ತಿಳಿಯುತ್ತಿದ್ದ ಅಡಿಗೆಯವನು ಬೇಡವಾದನು. ಅವನ ಜಾಗದಲ್ಲಿ ಒಂದೇ ಕೆಲಸವನ್ನು ಬಲ್ಲ ಕೈಗಳು ಸಾಕಾದುವು. ಒಂದು ಹೋದರೆ ಇನ್ನೊಂದು. ಸಿಂಕ್ಲೇರನು ಕಸಾಯಿಖಾನೆಯಲ್ಲಿ ಕಂಡ ಕೂಲಿಯ ಕ್ರಮ ಈಗ ಬಿಳಿಯ ಉಡುಪು ತೊಟ್ಟು ಕಾವಲಿಯವರೆಗೂ ನಡೆದು ಬಂದಿತೆನ್ನಬಹುದು. 1960ರ ದಶಕದ ಕೊನೆಯಿಂದ ಹೆಪ್ಪುಗಟ್ಟಿಸಿದ ಬಿಲ್ಲೆಗಳೂ ಬಂದುವು. ಒತ್ತಲು ಉಂಡೆಯೇ ಉಳಿಯಲಿಲ್ಲ. 1996ರಲ್ಲಿ ಈ ಸಂಸ್ಥೆ ಭಾರತಕ್ಕೆ ಕಾಲಿಟ್ಟಾಗ ದನದ ಮಾಂಸವನ್ನು ಬಿಟ್ಟೇ ಬಂದಿತು. ಆಲೂಗಡ್ಡೆಯ ಬಿಲ್ಲೆಯೂ ಅದೇ ಬನ್ನಿನಲ್ಲಿ ಅದೇ ಕ್ರಮದಲ್ಲಿ ಕುಳಿತಿತು. ನಮ್ಮ ಜನರ ಆಚಾರಕ್ಕೆ ಅದು ಒಪ್ಪಿದ್ದು ಸರಿಯೇ. ಆದರೆ ವಿಮರ್ಶಕನಿಗೆ ಅದು ಇನ್ನೊಂದನ್ನೂ ತೋರಿಸಿತು: ಆ ರಚನೆಯ ಕೇಂದ್ರದಲ್ಲಿ ಈಗ ಇರುವುದು ಬಿಲ್ಲೆಯಲ್ಲ, ಕ್ರಮ.

ಹಾಗೆಂದು ಅಳತೆಯನ್ನು ಬರಿದೆ ಹಳಿಯುವುದು ನ್ಯಾಯವಲ್ಲ. ಹದವೆಂಬ ಹೆಸರಿನಲ್ಲಿ ಕೊಳಕನ್ನೂ ಉದಾಸೀನವನ್ನೂ ಬಚ್ಚಿಟ್ಟ ಅಂಗಡಿಗಳಿಗೆ ಲೆಕ್ಕವಿಲ್ಲ. ಅಳತೆ ಬಂದ ಮೇಲೆ, ಗುರುತಿಲ್ಲದ ಊರಿನಲ್ಲಿ ಇಳಿದ ಪ್ರಯಾಣಿಕನೂ ಏನು ಸಿಕ್ಕುತ್ತದೆಂದು ತಿಳಿದೇ ಕೊಳ್ಳುವಂತಾಯಿತು. ಮಕ್ಕಳೊಂದಿಗನಾದ ಬಡವನೂ ಸಂಸಾರಸಮೇತ ಹೊರಗೆ ತಿನ್ನುವಂತಾಯಿತು. 1993ರಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಸರಿಯಾಗಿ ಬೇಯದ ಹ್ಯಾಂಬರ್ಗರುಗಳಿಂದ ಕಾಯಿಲೆ ಹರಡಿ ನಾಲ್ಕು ಮಕ್ಕಳು ಸತ್ತರು. ಅಂಥ ಕಡೆ ಹದದ ಮಾತಾಡಿ ಫಲವಿಲ್ಲ. ಕಾವನ್ನು ಅಳೆಯುವ ಮಾಪಕವೇ ಬೇಕು. ಆದರೆ ಆ ಸಾವುಗಳು ನಡೆದದ್ದು ನಕ್ಷೆ ಬರೆದು ನಡೆಸುವ ದೊಡ್ಡ ಸರಣಿಯೊಂದರ ಅಂಗಡಿಗಳಲ್ಲಿಯೇ ಎಂಬುದನ್ನೂ ಜೊತೆಗೆ ಹೇಳಬೇಕು. ಅಳತೆ ತಪ್ಪಿದಾಗ ತಿದ್ದುವ ಕಣ್ಣು ಬೇಕಾಗುತ್ತದೆ. ಆ ಕಣ್ಣನ್ನೇ ಬೇಡವೆಂದು ಕಳುಹಿಸಿದ್ದರೆ ತಿದ್ದುವವರಾರು? 2018ರಲ್ಲಿ ಮ್ಯಾಕ್‌ಡೊನಾಲ್ಡ್ಸ್ ಅಮೆರಿಕದಲ್ಲಿ ತನ್ನ ಕಾಲು ಪೌಂಡಿನ ಹ್ಯಾಂಬರ್ಗರಿಗೆ ಹೆಪ್ಪುಗಟ್ಟಿಸದ ಮಾಂಸವನ್ನು ತಂದು, ಗಿರಾಕಿ ಕೇಳಿದ ಮೇಲೆಯೇ ಬೇಯಿಸಲು ತೊಡಗಿತು. ಹದಕ್ಕೆ ಅಳತೆಯು ಸಲ್ಲಿಸಿದ ತಡವಾದ ನಮಸ್ಕಾರವಿದು.

ಪರಿಪೂರ್ಣವಾದ ಹಳೆಯ ಹ್ಯಾಂಬರ್ಗರ್ ಯಾವುದೆಂಬ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು. ತೆಳುವಾದದ್ದು, ಈರುಳ್ಳಿಯೊಡನೆ ಕಂದಿದ್ದು, ಬಾಯಿಗೆ ತಕ್ಕದ್ದು, ಕಾಗದದಲ್ಲಿ ಕೆಲವೇ ನಿಮಿಷ ಬೆವರಿದ್ದು. ಎಲ್ಲಕ್ಕಿಂತ ಮಿಗಿಲಾಗಿ, ಕಣ್ಣೆದುರಿನ ಕಾವಲಿಯ ಮುಂದೆ ತನ್ನ ಕೆಲಸವನ್ನು ಆದಿಯಿಂದ ಅಂತ್ಯದವರೆಗೆ ಬಲ್ಲ ಒಬ್ಬ ಮನುಷ್ಯನು ಮಾಡಿದ್ದು. ಎಲ್ ರೀನೋದಲ್ಲಿ 1926ರಿಂದ ನಡೆದುಬಂದ ರಾಬರ್ಟ್ಸ್ ಗ್ರಿಲ್‌ನಂಥ ಪುಟ್ಟ ಅಂಗಡಿಗಳು, ಇದು ಬರಿಯ ಹಂಬಲವಲ್ಲ, ಆಗಿ ತೋರಿದ ಸಂಗತಿ ಎಂಬುದಕ್ಕೆ ಆಧಾರ. ಅಗ್ಗದ ತಿಂಡಿಗೆ ಅಗ್ಗದ ಗಮನ ಸಾಕೆಂದು ತಿಳಿಯುವ ಸಮಾಜವು, ಅದನ್ನು ಮಾಡುವ ಕೈಯನ್ನೂ ತಿನ್ನುವ ಬಾಯನ್ನೂ ಅಗ್ಗವೆಂದೇ ತಿಳಿದಿರುತ್ತದೆ.