ಕತೆ, ಹಬ್ಬ, ಚಿತ್ರ: ಇಂಗ್ಲಿಷ್ ಪಾಠವಾಗಿ ‘ಎ ಕ್ರಿಸ್ಮಸ್ ಕ್ಯಾರಲ್’

ಇಂಗ್ಲಿಷನ್ನು ಎರಡನೆಯ ಅಥವಾ ಮೂರನೆಯ ಭಾಷೆಯಾಗಿ ಕಲಿಯುವವರಿಗೆ ಸಾಹಿತ್ಯ, ಹಬ್ಬದ ಆಚರಣೆ ಮತ್ತು ಚಿತ್ರಕಲೆಯ ಇತಿಹಾಸವನ್ನು ಒಟ್ಟಿಗೆ ಇಟ್ಟು ಕಲಿಸುವ ಕ್ರಮ ಬಳಕೆಯಲ್ಲಿದೆ. ಈ ಮೂರೂ ಒಂದೇ ಕಡೆ ದೊರೆಯುವ ಕೃತಿಗಳು ಮಾತ್ರ ಹೆಚ್ಚಿಲ್ಲ. ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಪ್ರಕಟಿಸಿದ ‘ಎ ಕ್ರಿಸ್ಮಸ್ ಕ್ಯಾರಲ್’ ಅಂಥದೊಂದು ಕೃತಿ. ಅದು ಕಿರುಕಾದಂಬರಿ, ಹಬ್ಬವೊಂದರ ಕಥನ, ಮತ್ತು ಜಾನ್ ಲೀಚ್ ರಚಿಸಿದ ಎಂಟು ಚಿತ್ರಗಳೊಂದಿಗೆ ಹೊರಬಂದ ಪುಸ್ತಕ. ಆದರೆ ತರಗತಿಗೆ ಬರುವ ಹೊತ್ತಿಗೆ ಅದರಲ್ಲಿ ಉಳಿಯುವುದು ಬಹುಮಟ್ಟಿಗೆ ಒಂದು ನೀತಿಕಥೆ ಮಾತ್ರ: ಜಿಪುಣ ಸ್ಕ್ರೂಜ್‌ಗೆ ಪ್ರೇತಗಳು ಬುದ್ಧಿ ಹೇಳಿದವು, ಅವನು ಒಳ್ಳೆಯವನಾದ. ಇಷ್ಟರಿಂದ ಇಂಗ್ಲಿಷೂ ಬರುವುದಿಲ್ಲ, ಇಂಗ್ಲೆಂಡೂ ತಿಳಿಯುವುದಿಲ್ಲ. ಕೃತಿಯನ್ನು ಅದರ ಹಣದ ಲೆಕ್ಕ, ಅದರ ಮಾತಿನ ಕಟ್ಟು ಮತ್ತು ಅದರ ಚಿತ್ರಗಳೊಡನೆ ಓದಿದಾಗಲೇ ಅದು ಭಾಷೆಯ ಪಾಠವಾಗುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ.

ಬೆಲೆ ಮತ್ತು ಸಂಬಳ

ಕತೆ ಆರಂಭವಾಗುವುದು ವ್ಯಾಪಾರಿಯೊಬ್ಬನ ಲೆಕ್ಕದ ಕೋಣೆಯಲ್ಲಿ. ಅಲ್ಲಿ ಗುಮಾಸ್ತ ಬಾಬ್ ಕ್ರ್ಯಾಚಿಟ್‌ನ ವಾರದ ಸಂಬಳ 15 ಶಿಲಿಂಗ್. ಇದೇ ಕತೆಯನ್ನು ಒಳಗೊಂಡ ಪುಸ್ತಕ, ಚಿನ್ನದ ಅಂಚು ಮತ್ತು ಬಣ್ಣ ಹಚ್ಚಿದ ಚಿತ್ರಗಳೊಡನೆ, 1843ರ ಡಿಸೆಂಬರ್ 19ರಂದು ಮಾರಾಟಕ್ಕೆ ಬಂದದ್ದು 5 ಶಿಲಿಂಗ್‌ಗೆ. ಕ್ರ್ಯಾಚಿಟ್ ತನ್ನ ಮನೆಯ ಕತೆಯನ್ನು ತಾನೇ ಕೊಂಡು ಓದಬೇಕಾದರೆ ವಾರದ ಸಂಬಳದ ಮೂರನೆಯ ಒಂದು ಪಾಲನ್ನು ತೆರಬೇಕಾಗಿತ್ತು. ಮೊದಲ ಮುದ್ರಣದ 6000 ಪ್ರತಿಗಳು ಹಬ್ಬದ ಹಿಂದಿನ ದಿನದೊಳಗೆ ಖರ್ಚಾದವು. ಅವನ್ನು ಕೊಂಡವರು ಸ್ಕ್ರೂಜ್‌ನ ವರ್ಗಕ್ಕೆ ಹತ್ತಿರದವರೇ ಹೊರತು ಕ್ರ್ಯಾಚಿಟ್‌ನ ವರ್ಗದವರಲ್ಲ. ಕೃತಿಯ ಉದ್ದಕ್ಕೂ ಕೇಳಿಬರುವ ನಿರೂಪಕನ ಸಲಿಗೆಯ ಧ್ವನಿ ಯಾರನ್ನು ಉದ್ದೇಶಿಸಿದ್ದು ಎಂಬ ಪ್ರಶ್ನೆಗೆ ಈ ಲೆಕ್ಕದಲ್ಲಿ ಉತ್ತರವಿದೆ.

ಮೂರು ವಾರ ಕಳೆಯುವಷ್ಟರಲ್ಲಿ, 1844ರ ಜನವರಿಯಲ್ಲಿ, ಇನ್ನೊಂದು ಪ್ರಕಾಶನ ಈ ಕತೆಯ ಸಂಕ್ಷಿಪ್ತ ರೂಪವನ್ನು ಅನುಮತಿಯಿಲ್ಲದೆ 2 ಪೆನ್ಸ್ ಬೆಲೆಗೆ ಅಚ್ಚುಮಾಡಿತು. ಮೂಲದ ಬೆಲೆಯ ಮೂವತ್ತನೆಯ ಒಂದು ಪಾಲು! ಡಿಕನ್ಸ್ ನ್ಯಾಯಾಲಯಕ್ಕೆ ಹೋಗಿ ಗೆದ್ದ; ಆದರೆ ಪ್ರಕಾಶಕರು ದಿವಾಳಿಯಾದುದರಿಂದ ದಾವೆಯ ಖರ್ಚನ್ನು ಅವನೇ ಭರಿಸಬೇಕಾಯಿತು. ಸಂಕ್ಷಿಪ್ತ ಆವೃತ್ತಿ ಎಂಬ ಪ್ರಶ್ನೆ ಹೀಗೆ ಕೃತಿಯ ಜೊತೆಯಲ್ಲೇ ಹುಟ್ಟಿದೆ, ಮತ್ತು ಅದಕ್ಕೆ ಎರಡು ಮುಖಗಳಿವೆ. ಕಿರಿದುಗೊಳಿಸಿದ ಪ್ರತಿ ಕೃತಿಯನ್ನು ಕದಿಯಿತು. ಅದೇ ಪ್ರತಿ ಅದನ್ನು ಗುಮಾಸ್ತನ ಕೈಗೆಟುಕುವಂತೆಯೂ ಮಾಡಿತು. 1853ರಿಂದ ಸಾರ್ವಜನಿಕ ವಾಚನಗಳನ್ನು ಆರಂಭಿಸಿದಾಗ ಡಿಕನ್ಸ್ ತಾನೇ ಈ ಕತೆಯನ್ನು ಮೊಟಕುಗೊಳಿಸಿಕೊಂಡ. ಆದ್ದರಿಂದ ಕತ್ತರಿಸುವುದೇ ತಪ್ಪು ಎನ್ನಲಾಗದು. ಏನನ್ನು ಕತ್ತರಿಸುತ್ತೇವೆ ಎಂಬುದನ್ನು ವಿಮರ್ಶೆ ಕೇಳಬೇಕಾಗಿದೆ.

ಅದೇ 1843ರಲ್ಲಿ ಹೆನ್ರಿ ಕೋಲ್ ಎಂಬಾತ ಜಾನ್ ಕ್ಯಾಲ್ಕಾಟ್ ಹಾರ್ಸ್‌ಲಿ ಎಂಬ ಕಲಾವಿದನಿಂದ ಬರೆಸಿ ಅಚ್ಚುಹಾಕಿಸಿದ, ಮೊದಲ ಕ್ರಿಸ್ಮಸ್ ಕಾರ್ಡೆಂದು ಹೆಸರಾದ ಚಿತ್ರವನ್ನು ಪುಸ್ತಕದ ಪಕ್ಕದಲ್ಲಿಟ್ಟು ನೋಡಬಹುದು. ಬೆಲೆ 1 ಶಿಲಿಂಗ್. ನಡುವಿನ ಚೌಕಟ್ಟಿನಲ್ಲಿ ಸ್ಥಿತಿವಂತ ಕುಟುಂಬವೊಂದು ದ್ರಾಕ್ಷಾರಸದ ಬಟ್ಟಲೆತ್ತಿದೆ. ಎಡಬಲದ ಕಿರಿಯ ಚೌಕಟ್ಟುಗಳಲ್ಲಿ ಬಡವರಿಗೆ ಅನ್ನದಾನ, ವಸ್ತ್ರದಾನ. ಮಗುವಿಗೂ ಮದ್ಯ ಕುಡಿಸುವ ನೋಟಕ್ಕೆ ಪಾನನಿರೋಧದವರು ಆಕ್ಷೇಪವೆತ್ತಿದ್ದರು. ಚಿತ್ರದ ವಿನ್ಯಾಸವೇ ಒಂದು ಸಾಮಾಜಿಕ ಹೇಳಿಕೆ: ಉಳ್ಳವರು ನಡುವೆ, ಇಲ್ಲದವರು ಅಂಚಿನಲ್ಲಿ. ಡಿಕನ್ಸ್ ಈ ವಿನ್ಯಾಸವನ್ನು ತಿರುವುಹಾಕುತ್ತಾನೆ. ಕೃತಿಯ ಐದು ಭಾಗಗಳಲ್ಲಿ ನಡುವಿನದಾದ ಮೂರನೆಯ ಭಾಗದಲ್ಲಿ ಹಬ್ಬದೂಟಕ್ಕೆ ಕೂತವರು ಕ್ರ್ಯಾಚಿಟ್ ಮನೆಯವರು. ಧನಿಕ ಅಂಚಿನಲ್ಲಿ ನಿಂತು, ಯಾರಿಗೂ ಕಾಣಿಸದೆ, ನೋಡುತ್ತಾನೆ.

ಮರಳಿ ಬರುವ ಮಾತು

ಭಾಷಾಕಲಿಕೆಯ ದೃಷ್ಟಿಯಿಂದ ಕೃತಿಯ ಅತ್ಯಂತ ಬೆಲೆಯುಳ್ಳ ತಂತ್ರ ಪುನರುಕ್ತಿ. ಮೊದಲ ಭಾಗದಲ್ಲಿ ಬಡವರಿಗಾಗಿ ಚಂದಾ ಕೇಳಲು ಬಂದವರಿಗೆ ಸ್ಕ್ರೂಜ್ ಎರಡು ಬಗೆಯ ಉತ್ತರ ಕೊಡುತ್ತಾನೆ. ಒಂದು, ಸೆರೆಮನೆ ಮತ್ತು ‘ವರ್ಕ್‌ಹೌಸ್’ ಎಂಬ ದುಡಿಮೆಮನೆಗಳು ಇವೆಯಲ್ಲ ಎಂಬ ಕಾನೂನಿನ ಮಾತು. ಇದರ ಹಿಂದೆ 1834ರ ಬಡವರ ಕಾಯಿದೆಯಿದೆ. ಇನ್ನೊಂದು, ಮಿಗಿಲಾದ ಜನಸಂಖ್ಯೆ ತಗ್ಗಲಿ ಎಂಬ ಮಾತು. ಇದರ ಹಿಂದೆ ಮಾಲ್ಥಸ್‌ನ ಸಿದ್ಧಾಂತವಿದೆ. ಮೂರನೆಯ ಭಾಗದಲ್ಲಿ ಪ್ರೇತ ಈ ಎರಡು ಮಾತುಗಳನ್ನೂ ಎರಡು ಬೇರೆ ಸಂದರ್ಭಗಳಲ್ಲಿ ಸ್ಕ್ರೂಜ್‌ಗೇ ಹಿಂತಿರುಗಿಸುತ್ತದೆ. ಕಾಯಿಲೆಯ ಮಗು ಟೈನಿ ಟಿಮ್ ಬದುಕುವನೇ ಎಂದು ಅವನು ಕೇಳಿದಾಗ ಜನಸಂಖ್ಯೆಯ ಮಾತು ಮರಳುತ್ತದೆ. ದಿಕ್ಕಿಲ್ಲದ ಇಬ್ಬರು ಮಕ್ಕಳಿಗೆ ಆಸರೆಯಿಲ್ಲವೇ ಎಂದಾಗ ಸೆರೆಮನೆಯ ಮಾತು. ಪದಗಳು ಅವೇ. ಆಡುವ ಬಾಯಿ, ಕೇಳುವ ಕಿವಿ, ಎದುರಿಗಿರುವ ಮಗು ಬದಲಾದುದರಿಂದ ಅರ್ಥ ತಲೆಕೆಳಗಾಗುತ್ತದೆ.

ಪದಕೋಶ ಕೊಡಲಾರದ ಪಾಠ ಇದು. ಒಂದು ಪದದ ಅರ್ಥ ಅದನ್ನು ಯಾರು ಯಾರಿಗೆ ಆಡಿದರು ಎಂಬುದನ್ನು ಅವಲಂಬಿಸಿದೆ ಎಂಬುದನ್ನು ಕಲಿಯುವವನು ಇಲ್ಲಿ ಕಣ್ಣಾರೆ ಕಾಣುತ್ತಾನೆ. ಸರಳಗೊಳಿಸುವ ಸಂಪಾದಕ ಕಷ್ಟವೆಂದು ತೋರಿದ ಪದವನ್ನು ಮೊದಲ ಭಾಗದಲ್ಲಿ ಬದಲಿಸಿ, ಮೂರನೆಯದರಲ್ಲಿ ಬಿಟ್ಟುಬಿಟ್ಟರೆ ಕತೆಯ ಘಟನೆಗೆ ಏನೂ ಕುಂದಾಗುವುದಿಲ್ಲ. ಪ್ರತಿಧ್ವನಿ ಮಾತ್ರ ಅಳಿಸಿಹೋಗುತ್ತದೆ. ಆಮೇಲೆ ಸ್ಕ್ರೂಜ್ ಬದಲಾದದ್ದು ಪ್ರೇತದ ಭಯಕ್ಕೆ ಎಂದು ವಿದ್ಯಾರ್ಥಿ ತಿಳಿಯುತ್ತಾನೆ. ಮೂಲದಲ್ಲಿ ಅವನನ್ನು ಮೊದಲು ನಾಚಿಸುವುದು ಅವನದೇ ವಾಕ್ಯ. ಇಂಥ ಎರಡು ಪುಟಗಳನ್ನು ಮೂಲದಲ್ಲೇ ಇಟ್ಟು, ಉಳಿದುದನ್ನು ಎಷ್ಟಾದರೂ ಸಂಗ್ರಹಿಸಿ ಹೇಳುವ ಪಠ್ಯ, ಎಲ್ಲವನ್ನೂ ಒಂದೇ ಸಮನಾಗಿ ತೆಳುಗೊಳಿಸಿದ ಪಠ್ಯಕ್ಕಿಂತ ಮೇಲು.

ಹಸಿರು ನಿಲುವಂಗಿಯ ಅಡಿಯಲ್ಲಿ

ಮೇಲೆ ಹೇಳಿದ ಇಬ್ಬರು ಮಕ್ಕಳು ಬರುವುದು ಎರಡನೆಯ ಪ್ರೇತದ ನಿಲುವಂಗಿಯ ಅಡಿಯಿಂದ. ಈ ಪ್ರೇತವನ್ನು ಲೀಚ್ ಹಸಿರು ಉಡುಪಿನಲ್ಲಿ, ತಲೆಯ ಮೇಲೆ ಹಾಲಿ ಎಲೆಯ ಕಿರೀಟದೊಡನೆ ಬರೆದಿದ್ದಾನೆ. ಪಠ್ಯವೂ ಹಾಗೆಯೇ ಬಣ್ಣಿಸುತ್ತದೆ. ಇಂದಿನ ಕೆಂಪಂಗಿಯ ಸಾಂತಾಕ್ಲಾಸ್ ಈ ಪುಸ್ತಕದಲ್ಲಿಲ್ಲ. ಆ ರೂಪ ನೆಲೆಗೊಂಡದ್ದು ಮುಖ್ಯವಾಗಿ ಅಮೆರಿಕದಲ್ಲಿ, 1860ರ ದಶಕದಿಂದ ಥಾಮಸ್ ನಾಸ್ಟ್ ವಾರಪತ್ರಿಕೆಗೆ ಬರೆದ ಚಿತ್ರಗಳ ಮೂಲಕ, ಆಮೇಲೆ ಜಾಹೀರಾತುಗಳ ಮೂಲಕ.

ಮಕ್ಕಳಲ್ಲಿ ಹುಡುಗನ ಹೆಸರು ಅಜ್ಞಾನ, ಹುಡುಗಿಯ ಹೆಸರು ಕೊರತೆ. ಇಬ್ಬರಲ್ಲಿ ಹುಡುಗನ ಬಗ್ಗೆಯೇ ಹೆಚ್ಚು ಎಚ್ಚರವಿರಲಿ ಎಂದು ಪ್ರೇತ ಹೇಳುತ್ತದೆ. ಈ ಪ್ರಸಂಗಕ್ಕೆ ಲೀಚ್ ಕೆತ್ತಿಸಿದ ಮರದಚ್ಚಿನ ಚಿತ್ರದ ಹಿನ್ನೆಲೆಯಲ್ಲಿ ಹೊಗೆಯುಗುಳುವ ಕಾರ್ಖಾನೆಯ ಚಿಮಣಿಗಳಿವೆ. ಪಠ್ಯದಲ್ಲಿ ಮಕ್ಕಳು ರೂಪಕ. ಚಿತ್ರ ಅವರಿಗೆ ವಿಳಾಸ ಕೊಡುತ್ತದೆ. ಬಾಲಕಾರ್ಮಿಕರ ಸ್ಥಿತಿಯ ಕುರಿತ ಸರ್ಕಾರಿ ಆಯೋಗದ ವರದಿ ಹೊರಬಿದ್ದದ್ದೂ, ಡಿಕನ್ಸ್ ಲಂಡನ್ನಿನ ಫೀಲ್ಡ್ ಲೇನ್‌ನಲ್ಲಿದ್ದ ಬಡಮಕ್ಕಳ ಶಾಲೆಯನ್ನು ನೋಡಿ ಬಂದದ್ದೂ ಇದೇ 1843ರಲ್ಲಿ. ಶಾಲೆಯಿಲ್ಲದ ಮಗುವಿನ ಬಗೆಗಿನ ಈ ಪುಟವೇ ಹಲವು ಶಾಲಾ ಆವೃತ್ತಿಗಳಲ್ಲಿ ಇರುವುದಿಲ್ಲ ಅಥವಾ ಒಂದೆರಡು ವಾಕ್ಯಕ್ಕೆ ಇಳಿದಿರುತ್ತದೆ. ಕತೆ ಇಲ್ಲಿ ಮುಂದುವರಿಯುವುದಿಲ್ಲ ಎಂಬುದು ಕಾರಣವಿರಬಹುದು. ಆದರೆ ಹಬ್ಬದ ಸಂತೋಷದ ನಡುವೆ ಕೃತಿ ತನ್ನ ಕೋಪವನ್ನು ಬಿಚ್ಚಿ ತೋರಿಸುವುದು ಇಲ್ಲಿಯೇ.

ಯಾರ ಹಬ್ಬ, ಯಾರ ಇಂಗ್ಲಿಷ್

ಈ ಕೃತಿ ಅಪ್ಪಟ ಇಂಗ್ಲಿಷ್ ಸಂಸ್ಕೃತಿಯ ಪ್ರತಿನಿಧಿ ಎಂಬ ನಂಬಿಕೆಯನ್ನು ಕೃತಿಯೇ ಒಪ್ಪುವುದಿಲ್ಲ. ಮೊದಲ ಪ್ರೇತ ಸ್ಕ್ರೂಜ್‌ನನ್ನು ಅವನ ಬಾಲ್ಯದ ಶಾಲೆಗೆ ಒಯ್ಯುತ್ತದೆ. ರಜೆಗೆ ಎಲ್ಲರೂ ಮನೆಗೆ ಹೋಗಿದ್ದಾರೆ. ಒಬ್ಬ ಹುಡುಗ ಓದುತ್ತ ಉಳಿದಿದ್ದಾನೆ. ಅವನಿಗೆ ಜೊತೆಯಾಗಲು ಕಿಟಕಿಯಾಚೆ ಬಂದು ನಿಲ್ಲುವವನು ಆಲಿಬಾಬಾ! ಅಲೆಪ್ಪೊದ ಹನ್ನಾ ದಿಯಾಬ್ ಹೇಳಿದ ಕತೆ ಗ್ಯಾಲನ್‌ನ ಫ್ರೆಂಚ್ ಪುಸ್ತಕದ ಮೂಲಕ ಇಂಗ್ಲಿಷಿಗೆ ಬಂದು, ಹಬ್ಬದ ದಿನ ಒಂಟಿ ಹುಡುಗನೊಬ್ಬನ ಗೆಳೆಯನಾಗಿದೆ. ಆಮೇಲೆ ಫ್ರೆಂಚ್ ಪ್ರಣಯಕಥೆಯ ವ್ಯಾಲಂಟೈನ್ ಮತ್ತು ಆರ್ಸನ್ ಬರುತ್ತಾರೆ. ರಾಬಿನ್ಸನ್ ಕ್ರೂಸೋನ ಗಿಳಿ ಬರುತ್ತದೆ. ಸ್ಕ್ರೂಜ್‌ನಲ್ಲಿ ಮೊದಲ ಕರುಣೆ ಮೂಡುವುದು ಈ ಓದುಗ ಹುಡುಗನನ್ನು ಕಂಡಾಗ. ಭಾಷಾಂತರದಿಂದ ಬೆಳೆದ ಇಂಗ್ಲಿಷ್ ಅವನನ್ನು ಮನುಷ್ಯನನ್ನಾಗಿಸುತ್ತದೆ ಎನ್ನಬಹುದು.

ಆಚರಣೆಯ ವಿಷಯವೂ ಹೀಗೆಯೇ. ಹಳೆಯ ಇಂಗ್ಲಿಷ್ ಕ್ರಿಸ್ಮಸ್‌ನ ಚಿತ್ರವನ್ನು ಡಿಕನ್ಸ್‌ಗಿಂತ ಮೊದಲು, 1819–20ರಲ್ಲಿ, ಜನಪ್ರಿಯಗೊಳಿಸಿದವನು ಅಮೆರಿಕದ ವಾಷಿಂಗ್ಟನ್ ಅರ್ವಿಂಗ್. ಕ್ರಿಸ್ಮಸ್ ಮರ ಜರ್ಮನ್ ಮೂಲದ್ದು. 1848ರಲ್ಲಿ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ ವಿಕ್ಟೋರಿಯಾ ರಾಣಿಯ ಕುಟುಂಬ ಮರದ ಸುತ್ತ ನಿಂತ ಚಿತ್ರ ಅಚ್ಚುಮಾಡಿದ ಮೇಲೆ ಅದು ಮಧ್ಯಮವರ್ಗದ ಮನೆಗಳನ್ನು ಹೊಕ್ಕಿತು. ಎರಡು ವರ್ಷಗಳಲ್ಲಿ ಅಮೆರಿಕದ ಮಹಿಳಾ ಪತ್ರಿಕೆಯೊಂದು ಅದೇ ಚಿತ್ರದಿಂದ ರಾಣಿಯ ಕಿರೀಟವನ್ನೂ ರಾಜಕುಮಾರನ ಮೀಸೆಯನ್ನೂ ತೆಗೆದು, ಅಮೆರಿಕದ ಕುಟುಂಬವೆಂಬಂತೆ ಮುದ್ರಿಸಿತು. ಪರಂಪರೆ ಎಂಬುದನ್ನು ಅಚ್ಚಿನ ಮನೆಯಲ್ಲಿ ಹೇಗೆ ತಿದ್ದಬಹುದು ಎಂಬುದಕ್ಕೆ ತರಗತಿಯಲ್ಲಿ ತೋರಿಸಲು ಇದಕ್ಕಿಂತ ಸುಲಭವಾದ ಉದಾಹರಣೆ ಸಿಗಲಾರದು.

ಹಿಮದ ಬೆತ್ಲೆಹೇಮ್, ಸೀರೆಯ ಮೇರಿ

ಹಬ್ಬವನ್ನು ತನ್ನ ಊರಿಗೆ ತಂದುಕೊಳ್ಳುವ ಕೆಲಸವನ್ನು ಚಿತ್ರಕಾರರು ಡಿಕನ್ಸ್‌ಗಿಂತ ಬಹಳ ಹಿಂದೆಯೇ ಮಾಡಿದ್ದರು. ಬ್ರೂಗೆಲ್ 1566ರಲ್ಲಿ ಬರೆದ ‘ಬೆತ್ಲೆಹೇಮಿನ ಜನಗಣತಿ’ಯಲ್ಲಿ ಬೆತ್ಲೆಹೇಮ್ ಹಿಮ ಕವಿದ ಫ್ಲೆಮಿಶ್ ಹಳ್ಳಿಯಾಗಿದೆ. ಛತ್ರದ ಬಾಗಿಲಲ್ಲಿ ತೆರಿಗೆ ಕೊಡಲು ಜನ ಮುಗಿಬಿದ್ದಿದ್ದಾರೆ, ಗೋಡೆಯ ಮೇಲೆ ಅಂದಿನ ಆಳರಸರಾದ ಹ್ಯಾಪ್ಸ್‌ಬರ್ಗರ ಲಾಂಛನವಿದೆ, ಕತ್ತೆಯ ಮೇಲೆ ಕೂತ ಮೇರಿಯನ್ನು ಗುಂಪಿನಲ್ಲಿ ಹುಡುಕಿ ಗುರುತಿಸಬೇಕು. ಶಾಂತಿನಿಕೇತನದಲ್ಲಿ ಕಲಿತ ಗೋವಾದ ಆಂಜೆಲೊ ದ ಫೊನ್ಸೆಕಾ ಅವರು (1902–1967) ಮೇರಿಗೆ ಸೀರೆ ಉಡಿಸಿದಾಗ ಮಾಡಿದ್ದೂ ಇದನ್ನೇ. ಬ್ರೂಗೆಲ್‌ನ ಹಿಮ ಸಹಜವೆನಿಸಿದವರಿಗೆ ಫೊನ್ಸೆಕಾ ಅವರ ಸೀರೆ ಸಲ್ಲದ್ದಾಯಿತು. ಟೀಕೆಗೆ ಗುರಿಯಾದ ಅವರು ಗೋವಾ ಬಿಟ್ಟು ಪುಣೆಯಲ್ಲಿ ನೆಲೆಸಿದರು. ಕನ್ನಡದಲ್ಲಿ ಇದೇ ಕೆಲಸ ಪದ್ಯದಲ್ಲಿ ನಡೆದಿದೆ: ಜರ್ಮನ್ ಪಾದ್ರಿ ಕಿಟ್ಟೆಲ್ ಕ್ರಿಸ್ತನ ಚರಿತ್ರೆಯನ್ನು ದೇಸಿ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿಸಿದರು, ಮಂಜೇಶ್ವರದ ಗೋವಿಂದ ಪೈ ಅವರು ‘ಗೊಲ್ಗೊಥಾ’ ಬರೆದರು.

ಗಡಿನಾಡಿನ ಕಲಿಯುವವರಿಗೆ ಈ ಹಬ್ಬದ ಹೆಸರುಗಳೇ ಒಂದು ಪಾಠ. ಸೊಲ್ಲಾಪುರದ ಕನ್ನಡಿಗರು ಸುತ್ತಲಿನ ಮರಾಠಿಯಲ್ಲಿ ಕೇಳುವ ‘ನಾತಾಳ’ ಪೋರ್ಚುಗೀಸಿನಿಂದ ಬಂದದ್ದು. ನಾವು ಬರೆಯುವ ‘ಕ್ರಿಸ್ಮಸ್’ ಇಂಗ್ಲಿಷಿನಿಂದ. ಬಾಲಯೇಸುವಿನ ಮಾದರಿಗೆ ಕನ್ನಡದಲ್ಲಿ ‘ಗೋದಲಿ’, ಮಲಯಾಳದಲ್ಲಿ ‘ಪುಲ್ಕೂಡು’, ಅಂದರೆ ಹುಲ್ಲಿನ ಗೂಡು. ಇಂಗ್ಲಿಷಿನ ‘ಕ್ರಿಬ್’ ಪದಕ್ಕೂ ದನದ ಮೇವಿನ ತೊಟ್ಟಿ ಎಂಬುದೇ ಹಳೆಯ ಅರ್ಥ, ಮಗುವಿನ ಮಂಚ ಎಂಬುದು ಈಚಿನದು. ಕಾಸರಗೋಡಿನ ವಿದ್ಯಾರ್ಥಿ ಈ ಇಂಗ್ಲಿಷ್ ಪದವನ್ನು ತನ್ನ ಎರಡು ಭಾಷೆಗಳ ಮೂಲಕ, ಅದರ ಹಳೆಯ ಅರ್ಥದಿಂದಲೇ, ಹೊಗಬಲ್ಲ. ಏಕಭಾಷಿಕನಿಗೆ ಈ ಅನುಕೂಲವಿಲ್ಲ.

ಕೃತಿಯ ಮಿತಿ, ಪಾಠದ ಸಾಧ್ಯತೆ

ಕೃತಿಯ ಮಿತಿಯನ್ನೂ ಹೇಳಬೇಕು. ಸ್ಕ್ರೂಜ್ ಕೊನೆಯಲ್ಲಿ ಸಂಬಳ ಏರಿಸುತ್ತಾನೆ, ಟರ್ಕಿ ಕೋಳಿ ಕಳುಹಿಸುತ್ತಾನೆ. ಸಂಬಳ ಏರುವುದು ಯಜಮಾನನ ಮನಸ್ಸು ಕರಗಿದ್ದರಿಂದ. ಕ್ರ್ಯಾಚಿಟ್ ಕೇಳಿದ್ದರಿಂದ ಅಲ್ಲ. ಅಜ್ಞಾನ ಮತ್ತು ಕೊರತೆ ಎಂಬ ಮಕ್ಕಳು ಕತೆಯ ಕೊನೆಗೆ ಎಲ್ಲಿ ಹೋದರೆಂಬುದಕ್ಕೆ ಕೃತಿಯಲ್ಲಿ ಉತ್ತರವಿಲ್ಲ. ಸಾಮಾಜಿಕ ಪ್ರಶ್ನೆಯನ್ನು ಎತ್ತಿ ವೈಯಕ್ತಿಕ ಉತ್ತರ ಕೊಡುವ ಈ ರೀತಿಯನ್ನು ವಿದ್ಯಾರ್ಥಿಗಳು ಗುರುತಿಸಿ ಚರ್ಚಿಸುವಂತಾದರೆ ಅವರು ಇಂಗ್ಲಿಷಿನಲ್ಲಿ ವಾದಿಸಲು ಕಲಿಯುತ್ತಾರೆ. ಮೆಚ್ಚಲು ಮಾತ್ರ ಕಲಿತರೆ ಸಾಲದು.

ಈ ಓದಿನ ಫಲ ಕಾಣಬೇಕಾದುದು ‘ನಾನು ಮೆಚ್ಚುವ ಹಬ್ಬ’ ಎಂಬ, ಎಲ್ಲ ಶಾಲೆಗಳಲ್ಲೂ ಬರೆಸುವ ಇಂಗ್ಲಿಷ್ ಪ್ರಬಂಧದಲ್ಲಿ. ಬೆಳಗ್ಗೆ ಏಳುತ್ತೇವೆ, ಹೊಸ ಬಟ್ಟೆ ತೊಡುತ್ತೇವೆ, ಸಿಹಿ ತಿನ್ನುತ್ತೇವೆ ಎಂಬ ಮೂರು ವಾಕ್ಯಗಳು ಯಾವ ಹಬ್ಬಕ್ಕೂ ಒಗ್ಗುತ್ತವೆ. ಯಾವ ಹಬ್ಬವನ್ನೂ ಹೇಳುವುದಿಲ್ಲ. ‘ಕ್ಯಾರಲ್’ ಅನ್ನು ಬೆಲೆ, ಮಾತು, ಚಿತ್ರಗಳೊಡನೆ ಓದಿದ ಕಾಸರಗೋಡಿನ ಹುಡುಗಿ ಬಲಿ ಚಕ್ರವರ್ತಿಯ ಬಗ್ಗೆ ಬೇರೆ ಪ್ರಶ್ನೆ ಕೇಳಬಲ್ಲಳು: ಓಣಂಗೆ ಬರುವ ಮಾವೇಲಿಯೂ ದೀಪಾವಳಿಯಲ್ಲಿ ತುಳುವರು ಕರೆಯುವ ಬಲೀಂದ್ರನೂ ಒಂದೇ ಜಿಲ್ಲೆಯಲ್ಲಿ ಎರಡು ಬಾರಿ, ಎರಡು ಋತುಗಳಲ್ಲಿ ಏಕೆ ಬರುತ್ತಾರೆ? ಓಲೆಕೊಡೆ ಹಿಡಿದ, ಡೊಳ್ಳುಹೊಟ್ಟೆಯ ಮಾವೇಲಿಯ ರೂಪವನ್ನು ನೆಲೆಗೊಳಿಸಿದ್ದರಲ್ಲಿ ಜಾಹೀರಾತಿನ ಪಾಲೆಷ್ಟು? ಸೊಲ್ಲಾಪುರದ ಹುಡುಗ ಸಂಕ್ರಾಂತಿಯ ಗಡ್ಡಾ ಜಾತ್ರೆಯ ನಂದಿಧ್ವಜಗಳನ್ನು ಯಾರು ಹೊರುತ್ತಾರೆ, ಖರ್ಚು ಯಾರದು, ಸಿದ್ಧರಾಮನ ವಚನಗಳಿಗೂ ಈ ಜಾತ್ರೆಗೂ ಏನು ನಂಟು ಎಂದು ಕೇಳಬಲ್ಲ. ಈ ಪ್ರಶ್ನೆಗಳನ್ನು ಅವರು ಮೊದಲು ಕನ್ನಡದಲ್ಲಿ ಕೇಳಲಿ. ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯುವ ಹೊತ್ತಿಗೆ ಅವರಿಗೆ ಹೇಳಲು ಏನಾದರೂ ಇರುತ್ತದೆ.